ಹೊಗಳಿಕೆಯ ಹೊನ್ನಶೂಲ: ವ್ಯಾಂಪೈರ್ ವೀಕೆಂಡ್ ತಂಡದ ಐದನೆಯ ಆಲ್ಬಮ್

ಅಮೆರಿಕದ ರಾಕ್ ಸಂಗೀತ ತಂಡ ವ್ಯಾಂಪೈರ್ ವೀಕೆಂಡ್‌ನ ಐದನೆಯ ಆಲ್ಬಮ್ ‘ಓನ್ಲಿ ಗಾಡ್ ವಾಸ್ ಅಬೌವ್ ಅಸ್’ 2024ರ ಏಪ್ರಿಲ್ 5ರಂದು ಬಿಡುಗಡೆಯಾದಾಗ ಇಂಗ್ಲಿಷ್ ಸಂಗೀತ ಪತ್ರಿಕೆಗಳ ವಿಮರ್ಶಕರು ಬಹುಮಟ್ಟಿಗೆ ಒಕ್ಕೊರಲಿನಿಂದ ಮೆಚ್ಚಿಕೊಂಡರು. ಆ ವಿಮರ್ಶೆಗಳನ್ನು ಒಟ್ಟಿಗೆ ಓದಿದರೆ ಒಂದೇ ಮಾತು ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ: ತಂಡ ತನ್ನ ಹಳೆಯ ಲಯಕ್ಕೆ ಮರಳಿದೆ, ಹಿಂದಿನ ನಾಲ್ಕು ಆಲ್ಬಮ್‌ಗಳ ಸತ್ವವನ್ನು ಇಲ್ಲಿ ಒಟ್ಟುಗೂಡಿಸಿದೆ. ಈ ಹೊಗಳಿಕೆಗೆ ಆಲ್ಬಮ್ ಅರ್ಹವೇ ಎಂದು ಕೇಳಿದರೆ ಹೌದೆನ್ನಲು ನನಗೆ ಅಳುಕಿಲ್ಲ. ಆದರೆ ಹೊಗಳಲು ಕೊಟ್ಟ ಕಾರಣ ಮಾತ್ರ ಸರಿಯಾದದ್ದಲ್ಲ. ಮರಳುವಿಕೆ ಎಂಬ ಮಾತನ್ನು ನಂಬಿ 2008ರ ಮೊದಲ ಆಲ್ಬಮ್ಮಿನ ಆ ತಿಳಿಯಾದ, ಲವಲವಿಕೆಯ ಗಿಟಾರ್ ನಾದವನ್ನು ನಿರೀಕ್ಷಿಸಿ ಬಂದವರು ಮೊದಲ ಹಾಡಿನಲ್ಲಿಯೇ ಕಿವಿ ಮುಚ್ಚಿಕೊಳ್ಳುವ ಸಾಧ್ಯತೆಯಿದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುವುದಾದರೆ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2006ರಲ್ಲಿ ಕಟ್ಟಿದ ತಂಡವಿದು. ಮೊದಲ ಆಲ್ಬಮ್ ಬಂದಾಗ ಮೆಚ್ಚುಗೆಯಷ್ಟೇ ದೊಡ್ಡ ದನಿಯಲ್ಲಿ ಆಕ್ಷೇಪವೂ ಕೇಳಿಬಂದಿತ್ತು. ಉಳ್ಳವರ ಮನೆಯ ಹುಡುಗರು ಆಫ್ರಿಕಾದ ಗಿಟಾರ್ ಶೈಲಿಯನ್ನು ಎರವಲು ಪಡೆದು ಆಟವಾಡುತ್ತಿದ್ದಾರೆ ಎಂಬುದು ಆ ಆಕ್ಷೇಪದ ತಿರುಳು. 2010, 2013 ಮತ್ತು 2019ರ ಆಲ್ಬಮ್‌ಗಳು ಮೂರೂ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿ ಕಾಣಿಸಿಕೊಂಡವು, ಕೊನೆಯ ಎರಡಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ದೊರೆಯಿತು. ನಡುವೆ, 2016ರಲ್ಲಿ, ಧ್ವನಿವಿನ್ಯಾಸದ ಬೆನ್ನೆಲುಬಾಗಿದ್ದ ರೊಸ್ತಮ್ ಬತ್ಮಂಗ್ಲಿಜ್ ತಂಡವನ್ನು ಬಿಟ್ಟರು. ಆಮೇಲೆ ಬಂದ 18 ಹಾಡುಗಳ ‘ಫಾದರ್ ಆಫ್ ದ ಬ್ರೈಡ್’ ಸಡಿಲವಾಗಿತ್ತು, ಬಿಸಿಲಿಗೆ ಮೈಯೊಡ್ಡಿ ಕುಳಿತಂತಿತ್ತು. ಐದು ವರ್ಷಗಳ ಬಿಡುವಿನ ನಂತರ ಕೇವಲ 10 ಹಾಡುಗಳ, ಬಿಗಿಯಾದ ಆಲ್ಬಮ್ ಕೈಗೆ ಬಂದಾಗ ವಿಮರ್ಶಕರಿಗೆ ನೆಮ್ಮದಿಯಾದದ್ದು ಸಹಜ. ಆ ನೆಮ್ಮದಿಯೇ ಮರಳುವಿಕೆ ಎಂಬ ಸಿದ್ಧ ಮಾತಾಗಿ ಹೊರಬಂದಿತೆಂದು ನನ್ನ ಅನುಮಾನ.

ಇಲ್ಲಿ ಹಳೆಯದು ಇದೆ, ಆದರೆ ಹಳೆಯದರಂತೆ ಇಲ್ಲ. ‘ಕನೆಕ್ಟ್’ ಹಾಡನ್ನೇ ನೋಡಿ. ಪಿಯಾನೊ ಜಾಸ್ ವಾದಕನೊಬ್ಬನ ಬೆರಳುಗಳಿಂದ ಜಾರಿದಂತೆ ಮೇಲಕ್ಕೂ ಕೆಳಕ್ಕೂ ಓಡುತ್ತಿರುವಾಗ ಅದರಡಿಯಲ್ಲಿ ಕ್ರಿಸ್ ಟಾಮ್ಸನ್ ಅವರ ಡ್ರಮ್ ಕೇಳಿಬರುತ್ತದೆ. ಅದು ಮೊದಲ ಆಲ್ಬಮ್ಮಿನ ಮೊದಲ ಹಾಡಾದ ‘ಮ್ಯಾನ್ಸಾರ್ಡ್ ರೂಫ್’ನ ಅದೇ ತಾಳ. ತಂಡವನ್ನು ಬಹುಕಾಲದಿಂದ ಕೇಳುತ್ತ ಬಂದವರಿಗೆ ಅದು ತಟ್ಟನೆ ಗುರುತು ಸಿಗುತ್ತದೆ, ಆದರೆ ಸುತ್ತಲಿನ ನಾದ ಎಷ್ಟು ಬದಲಾಗಿದೆಯೆಂದರೆ ಆ ಪರಿಚಯ ಹಿತಕ್ಕಿಂತ ಹೆಚ್ಚಾಗಿ ಇರಿಸುಮುರಿಸು ಉಂಟುಮಾಡುತ್ತದೆ. ಇದನ್ನು ಹಲವು ವಿಮರ್ಶಕರು ಅಭಿಮಾನಿಗಳಿಗೆ ಕೊಟ್ಟ ಕಾಣಿಕೆಯೆಂದು ಓದಿದರು. ನನಗೆ ಅದು ಲೆಕ್ಕಪತ್ರದ ತಪಾಸಣೆಯಂತೆ ಕೇಳಿಸಿತು: ಇಪ್ಪತ್ತರ ಹರೆಯದಲ್ಲಿ ಬಾರಿಸಿದ ತಾಳವನ್ನು ನಲವತ್ತರ ಹೊಸ್ತಿಲಲ್ಲಿ ಮತ್ತೆ ಬಾರಿಸಿ, ಅದರಲ್ಲಿ ಉಳಿದಿರುವುದೆಷ್ಟು, ಸವೆದಿರುವುದೆಷ್ಟು ಎಂದು ಅಳೆದು ನೋಡುವ ಕೆಲಸ. ಹಾಡುಗಾರ ಎಜ್ರಾ ಕೊನಿಗ್ ಅವರಿಗೆ ನಲವತ್ತು ತುಂಬಿದ್ದು ಆಲ್ಬಮ್ ಹೊರಬಂದ ಮೂರು ದಿನಗಳ ನಂತರ, ಏಪ್ರಿಲ್ 8ರಂದು. ಅದೇ ದಿನ ಅಮೆರಿಕದಲ್ಲಿ ಸಂಪೂರ್ಣ ಸೂರ್ಯಗ್ರಹಣವಿತ್ತು. ತಂಡ ಗ್ರಹಣದ ಹಾದಿಯಲ್ಲಿದ್ದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿ ಹಗಲು ಕಛೇರಿ ನಡೆಸಿತು. ಪ್ರಚಾರದ ಜಾಣತನವೆಂದು ನಕ್ಕುಬಿಡಬಹುದು, ಆದರೂ ಆಲ್ಬಮ್ಮಿನ ಮನಸ್ಥಿತಿಗೆ ಇದಕ್ಕಿಂತ ಒಪ್ಪುವ ಮುಹೂರ್ತ ಸಿಗುತ್ತಿರಲಿಲ್ಲ.

ಧ್ವನಿಯ ವಿಷಯಕ್ಕೆ ಬಂದರೆ, ನಿರ್ಮಾಣ ಕೊನಿಗ್ ಮತ್ತು ಏರಿಯಲ್ ರೆಕ್ಟ್‌ಶೈಡ್ ಅವರದಾದರೂ ಸದ್ದುಗಳನ್ನು ಹದವಾಗಿ ಬೆರೆಸುವ ಮಿಕ್ಸಿಂಗ್ ಕೆಲಸ ಮಾಡಿದ ಡೇವ್ ಫ್ರಿಡ್‌ಮನ್ ಅವರ ಕೈ ಎಲ್ಲೆಡೆ ಎದ್ದು ಕಾಣುತ್ತದೆ. ಡ್ರಮ್ಮಿನ ಸದ್ದನ್ನು ಅದು ಒಡೆಯುವವರೆಗೆ ಉಬ್ಬಿಸುವುದು, ಮೃದುವಾದ ವಾದ್ಯದ ಪಕ್ಕದಲ್ಲಿಯೇ ಗರಗಸದಂಥ ಡಿಸ್ಟಾರ್ಷನ್, ಅಂದರೆ ಬೇಕೆಂದೇ ಒಡಕುಗೊಳಿಸಿದ ಸದ್ದು, ಇಡುವುದು ಅವರ ಹಳೆಯ ಪರಿಣತಿ. ‘ಕ್ಲಾಸಿಕಲ್’ ಹಾಡಿನಲ್ಲಿ ಅಕೂಸ್ಟಿಕ್ ಗಿಟಾರ್ ಅಚ್ಚುಕಟ್ಟಾಗಿ ನುಡಿಯುತ್ತಿರುವಾಗಲೇ ಅದರ ಮೇಲೆ ಕಿರುಚುವ ಎಲೆಕ್ಟ್ರಿಕ್ ಗಿಟಾರಿನ ಎಳೆಯೊಂದು ಬಂದು ಬೀಳುತ್ತದೆ, ಮುಂದೆ ಸ್ಯಾಕ್ಸೊಫೋನ್ ಬಂದು ಎರಡನ್ನೂ ಬದಿಗೆ ತಳ್ಳುತ್ತದೆ. ಇಷ್ಟಾದರೂ ರಾಗದ ಜಾಡು ಒಮ್ಮೆಯೂ ಕಳೆದುಹೋಗುವುದಿಲ್ಲ. ‘ಕ್ಯಾಪ್ರಿಕಾರ್ನ್’ ಇನ್ನೂ ಚೆನ್ನ. ಜೋಗುಳದಷ್ಟು ಸಾವಕಾಶವಾಗಿ ಹೊರಟ ಹಾಡು, ಪಲ್ಲವಿಯ ನಂತರ ತನ್ನ ಒಡಲಿನಿಂದಲೇ ಗದ್ದಲವನ್ನು ಹೊರಹಾಕಿ ಮತ್ತೆ ತಣ್ಣಗಾಗುತ್ತದೆ. ಆ ಗದ್ದಲವನ್ನು ಅಲಂಕಾರವೆಂದು ಕರೆದ ಬರಹಗಳನ್ನು ಓದಿ ಬೇಸರವಾಯಿತು. ಅದನ್ನು ತೆಗೆದರೆ ಹಾಡಿನ ದುಃಖವೇ ಉಳಿಯುವುದಿಲ್ಲ.

ಸಾಹಿತ್ಯದ ಬಗ್ಗೆ ವಿಮರ್ಶಕರು ನ್ಯೂಯಾರ್ಕ್ ಎಂಬ ಒಂದೇ ಪದಕ್ಕೆ ಜೋತುಬಿದ್ದದ್ದು ಅರ್ಥವಾಗುವಂಥದ್ದೇ. ಆಲ್ಬಮ್ಮಿನ ಮುಖಪುಟದಲ್ಲಿರುವುದು ಛಾಯಾಗ್ರಾಹಕ ಸ್ಟೀವನ್ ಸೀಗಲ್ 1988ರಲ್ಲಿ ತೆಗೆದ ಚಿತ್ರ: ಮಗ್ಗುಲಾಗಿ ಬಿದ್ದ, ನ್ಯೂಯಾರ್ಕಿನ ಸುರಂಗ ರೈಲಿನ (ಸಬ್‌ವೇ) ಗುಜರಿ ಬೋಗಿಯೊಳಗೆ ಒಬ್ಬ ವ್ಯಕ್ತಿ ದಿನಪತ್ರಿಕೆ ಹಿಡಿದಿದ್ದಾನೆ. ಆ ಪತ್ರಿಕೆಯ ಶೀರ್ಷಿಕೆಯೇ ಆಲ್ಬಮ್ಮಿನ ಹೆಸರು. ಅದೇ ವರ್ಷ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್ ವಿಮಾನವೊಂದರ ಛಾವಣಿ ಆಕಾಶದಲ್ಲಿಯೇ ಕಿತ್ತುಹೋಗಿ, ಒಬ್ಬ ಗಗನಸಖಿಯನ್ನು ಕಳೆದುಕೊಂಡು ಉಳಿದವರು ಜೀವಸಹಿತ ನೆಲಕ್ಕಿಳಿದ ಘಟನೆಯ ಸುದ್ದಿಯದು. ಒಳಗೆ ‘ದ ಸರ್ಫರ್’ ಹಾಡಿನಲ್ಲಿ ನಗರದಡಿಯ ಮೂರನೆಯ ನೀರಿನ ಸುರಂಗದ ಪ್ರಸ್ತಾಪವಿದೆ. 1970ರಲ್ಲಿ ಅಗೆಯಲು ಆರಂಭಿಸಿದ ಸುರಂಗವದು. ತಂಡ ಬಿಟ್ಟುಹೋದ ಬತ್ಮಂಗ್ಲಿಜ್ ಅವರ ಕೈವಾಡವೂ ಈ ಹಾಡಿನಲ್ಲಿದೆ. ‘ಮೇರಿ ಬೂನ್’ ಹಾಡಿನ ಹೆಸರು, ಒಂದು ಕಾಲಕ್ಕೆ ನ್ಯೂಯಾರ್ಕಿನ ಸೊಹೊ ಪ್ರದೇಶದ ಕಲಾಮಾರುಕಟ್ಟೆಯನ್ನು ಆಳಿದ, 2019ರಲ್ಲಿ ಸುಳ್ಳು ತೆರಿಗೆ ಲೆಕ್ಕ ಸಲ್ಲಿಸಿದ್ದಕ್ಕಾಗಿ 30 ತಿಂಗಳ ಸೆರೆವಾಸದ ಶಿಕ್ಷೆ ಪಡೆದ ಗ್ಯಾಲರಿ ಒಡತಿಯದು. ಹಾಡು ಆಕೆಯನ್ನು ಹೀಗಳೆಯುವುದಿಲ್ಲ, ಸಮರ್ಥಿಸುವುದೂ ಇಲ್ಲ. ವೃಂದಗಾನ ಮತ್ತು ಹಳೆಯ ನೃತ್ಯಸಂಗೀತದ ಡ್ರಮ್ಮಿನ ನಡುವೆ, ಆ ಹೆಸರಿನ ಬಾಗಿಲ ಬಳಿ ನಿಂತು ಒಳಗೆ ಬಿಟ್ಟಾರೇ ಎಂದು ಕಾಯುವ ಹೊರಗಿನವನೊಬ್ಬನ ದನಿ ಕೇಳುತ್ತದೆ. ನನ್ನ ಮಟ್ಟಿಗೆ ಆಲ್ಬಮ್ಮಿನ ಶ್ರೇಷ್ಠ ರಚನೆ ಇದೇ.

ಹೀಗೆ ಪಟ್ಟಿಮಾಡುತ್ತ ಹೋದರೆ ಊರಿನ ಮೇಲಿನ ಹಂಬಲದ ಆಲ್ಬಮ್ ಎಂಬ ನಿರ್ಣಯಕ್ಕೆ ಬರುವುದು ಸುಲಭ. ಆದರೆ ಇಲ್ಲಿನ ನ್ಯೂಯಾರ್ಕ್ ಬಹುಪಾಲು ಕೊನಿಗ್ ಎಳೆಯ ಮಗುವಾಗಿದ್ದಾಗಿನದು, ಅಂದರೆ ಅವರು ಬದುಕಿದ್ದಕ್ಕಿಂತ ಕೇಳಿ, ಓದಿ ಕಟ್ಟಿಕೊಂಡದ್ದು. ಹಿಂದಿನ ತಲೆಮಾರಿನಿಂದ ಬಂದ ಊರು, ಹಣ, ಸಿಟ್ಟು, ಸುಳ್ಳು ಇವನ್ನೆಲ್ಲ ಏನು ಮಾಡುವುದು ಎಂಬುದೇ ಹಾಡಿನಿಂದ ಹಾಡಿಗೆ ದಾಟುವ ಪ್ರಶ್ನೆ. ‘ಜೆನ್ ಎಕ್ಸ್ ಕಾಪ್ಸ್’ನಲ್ಲಿ ಪ್ರತಿ ತಲೆಮಾರೂ ತನ್ನದೇ ಕ್ಷಮಾಪಣೆ ಬರೆದುಕೊಳ್ಳುತ್ತದೆಂಬ ಮಾತು ಬರುತ್ತದೆ. ಸುಮಾರು ಎಂಟು ನಿಮಿಷಗಳ ಕೊನೆಯ ಹಾಡು ‘ಹೋಪ್’ ಅನ್ಯಾಯಗಳ ಪಟ್ಟಿಯನ್ನು ಒಂದೊಂದಾಗಿ ಓದಿ, ಬಿಟ್ಟುಬಿಡು ಎಂಬ ಹಾರೈಕೆಗೆ ಮತ್ತೆ ಮತ್ತೆ ಬರುತ್ತದೆ. ಹಂಬಲಿಸುವವರು ಬಿಟ್ಟುಬಿಡು ಎನ್ನುವುದಿಲ್ಲ.

ದೋಷಗಳನ್ನೂ ಹೇಳಬೇಕು, ಏಕೆಂದರೆ ಹೊಗಳಿಕೆಯ ಭರದಲ್ಲಿ ಅವು ಮರೆಯಾದವು. ಮೆಲ್ಲಗೆ ಹೊರಟು ನಡುವೆ ಬಿರುಗಾಳಿಯೆಬ್ಬಿಸುವ ವರಸೆ ‘ಐಸ್ ಕ್ರೀಮ್ ಪಿಯಾನೊ’ದಲ್ಲಿ ಬೆಚ್ಚಿಬೀಳಿಸುತ್ತದೆ, ಮತ್ತೆರಡು ಹಾಡುಗಳಲ್ಲಿ ಮೆಚ್ಚುಗೆಯಾಗುತ್ತದೆ, ಆಮೇಲೆ ಮುಂದೇನಾಗುತ್ತದೆಂದು ಮೊದಲೇ ಗೊತ್ತಾಗಿಬಿಡುತ್ತದೆ. ‘ಪ್ರೆಪ್-ಸ್ಕೂಲ್ ಗ್ಯಾಂಗ್‌ಸ್ಟರ್ಸ್’ ಚುರುಕಾಗಿದ್ದರೂ ತೆಳು. ‘ಪ್ರಾವ್ಡಾ’ದ ಬಗ್ಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ಗದ್ದಲದ ಭಾಗಗಳಲ್ಲಿ ಸದ್ದನ್ನು ಎಷ್ಟು ಒತ್ತಲಾಗಿದೆಯೆಂದರೆ ಅಗ್ಗದ ಇಯರ್‌ಫೋನಿನಲ್ಲಿ ಕ್ರಿಸ್ ಬಾಯೊ ಅವರ ಬಾಸ್ ಸಂಪೂರ್ಣವಾಗಿ ಮುಳುಗಿಹೋಗುತ್ತದೆ. ಒಂದು ನಗರದ ಚರಿತ್ರೆ ಬಲ್ಲವರಿಗೆ ಮಾತ್ರ ಪೂರ್ತಿ ದಕ್ಕುವ ಸಾಹಿತ್ಯವೆಂಬ ದೂರನ್ನೂ ತಳ್ಳಿಹಾಕಲಾಗದು.

ಅಂಕಗಳ ಆಟ ಬೇರೆಯೇ. ಸಂಗೀತ ವಿಮರ್ಶೆಗೆ ಹೆಸರಾದ ಪಿಚ್‌ಫೋರ್ಕ್ ಜಾಲಪತ್ರಿಕೆಯನ್ನು ಪುರುಷರ ಫ್ಯಾಷನ್ ಪತ್ರಿಕೆ ಜಿಕ್ಯೂ ಜೊತೆ ವಿಲೀನಗೊಳಿಸುವ ಸುದ್ದಿ 2024ರ ಜನವರಿಯಲ್ಲಿ ಬಂದು, ದೊಡ್ಡ ಕಂಪನಿಗಳ ಆಚೆ ಬೆಳೆದ ಇಂಡಿ ಸಂಗೀತದ ವಿಮರ್ಶೆಗೆ ಇನ್ನು ಬೆಲೆಯಿದೆಯೇ ಎಂಬ ಚರ್ಚೆ ನಡೆಯುತ್ತಿದ್ದಾಗ ಈ ಆಲ್ಬಮ್ ಬಂದಿತು. ವಿಮರ್ಶೆಗಳ ಅಂಕಗಳನ್ನೆಲ್ಲ ನೂರಕ್ಕಿಳಿಸಿ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ಅದಕ್ಕೆ ಎತ್ತರದ ಸ್ಥಾನವೇ ಸಿಕ್ಕಿತು. ಅಷ್ಟಾದರೂ ಬಿಲ್‌ಬೋರ್ಡ್‌ನ ಮೊದಲ ಸ್ಥಾನದ ಹತ್ತಿರಕ್ಕೂ ಅದು ಸುಳಿಯಲಿಲ್ಲ, ತಂಡ ಎರಡು ಬಾರಿ ಗೆದ್ದಿದ್ದ ಗ್ರ್ಯಾಮಿ ವಿಭಾಗದಲ್ಲಿ ನಾಮನಿರ್ದೇಶನವೂ ದೊರೆಯಲಿಲ್ಲ. ಹಳೆಯ ವೈಭವ ಮರಳಿತೆಂದು ಸಾರಿದಾಗ ಹಳೆಯದನ್ನು ಬಯಸದ ಹೊಸ ಕೇಳುಗರು ಪಕ್ಕಕ್ಕೆ ಸರಿಯುತ್ತಾರೆ, ಬಯಸಿ ಬಂದವರು ಡಿಸ್ಟಾರ್ಷನ್ ಕೇಳಿ ಹಿಂದಿರುಗುತ್ತಾರೆ. ಇಂಥ ಹೊಗಳಿಕೆಯನ್ನೇ ಹೊನ್ನಶೂಲವೆನ್ನುವುದು.

ಕೊಳ್ಳಬೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಹೌದು, ಆದರೆ ಆರಂಭದಿಂದ ಕೇಳಬೇಡಿ. ಮೊದಲು ‘ಕ್ಯಾಪ್ರಿಕಾರ್ನ್’, ನಂತರ ‘ಮೇರಿ ಬೂನ್’ ಹಾಡುಗಳನ್ನು ಒಳ್ಳೆಯ ಸ್ಪೀಕರಿನಲ್ಲಿ ಕೇಳಿ. ಆ ಎರಡರ ಗದ್ದಲ ನಿಮಗೆ ಒಗ್ಗಿದರೆ ಉಳಿದ ಎಂಟೂ ಒಗ್ಗುತ್ತವೆ. ಒಗ್ಗದಿದ್ದರೆ 2013ರ ‘ಮಾಡರ್ನ್ ವ್ಯಾಂಪೈರ್ಸ್ ಆಫ್ ದ ಸಿಟಿ’ಯನ್ನೇ ಕೊಳ್ಳುವುದು ಲೇಸು.