ಅರ್ತ್ ನಲ್‌ಸ್ಕೂಲ್: ಗಾಳಿ ನೋಡೋಕೆ ಹೋಗಿ ಸಮುದ್ರದಲ್ಲಿ ಸಿಕ್ಕಾಕೊಂಡೆ

ಗಾಳಿ ಬಳುಕ್ತಾ ಹರಿಯೋದು ಚೆಂದ ಕಾಣುತ್ತೆ ಅಂತ ಇಡೀ ಭೂಮಿಯ ಗಾಳಿ, ಸಮುದ್ರನ ಮ್ಯಾಪಲ್ಲಿ ತೋರಿಸೋ ಈ ಸೈಟ್ ತೆಗೆದು, ಒಂದು ಸ್ಕ್ರೀನ್‌ಶಾಟ್ ತಗೊಂಡು ಮುಚ್ಚೋರೇ ಜಾಸ್ತಿ, ನಾನೂ ಮೊದಲು ಅಷ್ಟೇ ಮಾಡ್ತಿದ್ದೆ. ಕ್ಯಾಮರನ್ ಬೆಕ್ಕಾರಿಯೋ ಅನ್ನೋರು ಮಾಡಿರೋದು, ದುಡ್ಡು ಬೇಡ, ಲಾಗಿನ್ನೂ ಬೇಡ. ಆದ್ರೆ ಇದರ ಅಸಲಿ ಮಜಾ ಇರೋದು 30ರಿಂದ 60 ಡಿಗ್ರಿ ಅಕ್ಷಾಂಶದ ಮಧ್ಯೆ, ಅದೂ ಅಲ್ಲಿನ ಚಳಿಗಾಲದಲ್ಲಿ.

ತಾರೀಖು 2018ರ ಜನವರಿ 4ಕ್ಕೆ ಇಟ್ಟು ಅಮೆರಿಕದ ಪೂರ್ವ ಕರಾವಳಿಗೆ ಹೋಗಿ. ಅಲ್ಲೊಂದು ದೊಡ್ಡ ಸುಳಿ ಇದೆಯಲ್ಲ, ಅದರ ನಡುವಿನ ಗಾಳಿಯ ಒತ್ತಡ 24 ಗಂಟೆಯಲ್ಲಿ 50 ಹೆಕ್ಟೋಪಾಸ್ಕಲ್‌ಗಿಂತ (ಒತ್ತಡ ಅಳೆಯೋ ಮಾನ) ಜಾಸ್ತಿ ಕುಸಿದಿತ್ತು, ‘ಬಾಂಬ್ ಸೈಕ್ಲೋನ್’, ಅಂದ್ರೆ ದಿಢೀರ್ ಅಂತ ಜೋರಾಗೋ ಬಿರುಗಾಳಿ ಅನ್ನಿಸ್ಕೊಳ್ಳೋಕೆ ಅಷ್ಟೇ ಹೊತ್ತಲ್ಲಿ 24 ಹೆಕ್ಟೋಪಾಸ್ಕಲ್ ಕುಸಿದ್ರೇ ಸಾಕು. ಸುಳಿಯಿಂದ ಬಾಲದ ಥರ ಇಳಿದಿರೋ ಜಾಗದಲ್ಲಿ ಗಾಳಿ ದಿಕ್ಕು ಪಟ್ ಅಂತ ಮುರಿಯುತ್ತೆ, ಅದೇ ಕೋಲ್ಡ್ ಫ್ರಂಟ್, ಅಂದ್ರೆ ತಣ್ಣನೆ ಗಾಳಿ ಬೆಚ್ಚನೆ ಗಾಳಿನ ತಳ್ಕೊಂಡು ಬರೋ ಗಡಿ. ಅದನ್ನ ಕಣ್ಣಲ್ಲೇ ಹುಡುಕ್ಕೋಬೇಕು, ಹೊಸಬರಿಗೆ ಇದೊಂದು ತಲೆನೋವು.

ಈಗ ಇನ್ನೊಂದು ಟ್ಯಾಬಲ್ಲಿ ಓಷನ್ ಮೋಡ್ ಹಾಕಿ ನೀರಿನ ಟೆಂಪರೇಚರ್ ನೋಡಿ. ಆ ಕರಾವಳಿ ಪಕ್ಕದಲ್ಲಿ ಹರಿಯೋ ಬೆಚ್ಚನೆ ಸಮುದ್ರ ಪ್ರವಾಹ ಗಲ್ಫ್ ಸ್ಟ್ರೀಮ್‌ನ ಪಟ್ಟಿ ಎದ್ದು ಕಾಣುತ್ತೆ. ಫ್ರಂಟ್ ದಾಟಿದ ಮೇಲೆ ನೆಲದ ಕಡೆಯಿಂದ ಬರೋ ಒಣ ಕೊರೆಯೋ ಗಾಳಿ ಆ ಬೆಚ್ಚಗಿನ ನೀರಿನ ಮೇಲೆ ಬೀಳುತ್ತೆ, ಆವಿ ಏಳುತ್ತೆ, ಇಂಥ ಹೊತ್ತಲ್ಲಿ ಚದರ ಮೀಟರಿಗೆ 1000 ವಾಟ್‌ವರೆಗೂ ಶಾಖ ಸಮುದ್ರದಿಂದ ಗಾಳಿಗೆ ಹೋಗಬಹುದು, ಮೇಲಿನ ನೀರು ತಣ್ಣಗಾಗಿ ಭಾರ ಆಗಿ ಕೆಳಗೆ ಇಳಿದು ಕಲಸಿಕೊಳ್ಳುತ್ತೆ. ಫ್ರಂಟಿನ ಮುಂದಿರೋ ಬೆಚ್ಚನೆ ಗಾಳಿಗೆ ಮಾತ್ರ ಅದೇ ಸಮುದ್ರ ಹೆಚ್ಚು ಏನೂ ಕೊಡಲ್ಲ, ಕೆಲವು ಸಲ ತಾನೇ ಶಾಖ ಎಳ್ಕೊಳ್ಳುತ್ತೆ. ಬೆಳಗ್ಗೆ ಜಿಪುಣ, ಸಂಜೆ ಧಾರಾಳಿ!

ಗಲ್ಫ್ ಸ್ಟ್ರೀಮ್ ಅಂದ್ರೆ ದಿನಾ ಒಂದೇ ಉರಿಯಲ್ಲಿರೋ ಒಲೆ ಅಂದ್ಕೊಂಡಿದ್ದೆ ನಾನು. ಅದರ ಬೆಚ್ಚನೆ ಪಕ್ಕದಲ್ಲಿ ಗಾಳಿ ಒಟ್ಟುಗೂಡಿ ಮಳೆ ಪಟ್ಟಿ ಆಗೋದನ್ನ 2008ರಲ್ಲಿ ‘ನೇಚರ್’ ಪತ್ರಿಕೆಯ ಒಂದು ಲೇಖನ ತೋರಿಸ್ತು, ಆದ್ರೆ ಅದು ವರ್ಷಗಳ ಸರಾಸರಿ. ಆಮೇಲೆ ಬಂದ ಅಧ್ಯಯನಗಳ ಪ್ರಕಾರ ಆ ಸರಾಸರಿಯಲ್ಲಿ ದೊಡ್ಡ ಪಾಲು ಹಾದುಹೋಗೋ ಫ್ರಂಟು, ಬಿರುಗಾಳಿಗಳದ್ದೇ. ಈ ಮ್ಯಾಪಲ್ಲಿ ಸಮಯನ ಸ್ವಲ್ಪ ಸ್ವಲ್ಪವೇ ಮುಂದೆ ತಳ್ಳಿ ನೋಡಿದ್ರೆ ಇದು ಓದದೇನೇ ಅರ್ಥ ಆಗುತ್ತೆ, ನಾಲ್ಕು ದಿನ ಸುಮ್ನೆ, ಐದನೇ ದಿನ ಒಂದು ಫ್ರಂಟ್ ಬಂದು ಎಲ್ಲಾ ಬಾಚ್ಕೊಂಡು ಹೋಗುತ್ತೆ. ನಂಗೆ ಅರ್ಧ ಸ್ಟಾರ್ ಜಾಸ್ತಿ ಕೊಡಬೇಕು ಅನ್ಸಿದ್ದು ಇದಕ್ಕೇ.

ಒಂದು ಮಾತು, ಇಲ್ಲಿ ಕಾಣೋ ಗಾಳಿ ಜಿಎಫ್‌ಎಸ್ ಅನ್ನೋ ಅಮೆರಿಕದ ಹವಾಮಾನ ಕಂಪ್ಯೂಟರ್ ಮಾಡೆಲ್‌ನ ಲೆಕ್ಕ, ಅಲ್ಲಿ ಯಾರೋ ಉಪಕರಣ ಇಟ್ಟು ಅಳೆದಿದ್ದಲ್ಲ, ಹಾಗಾಗಿ ಫ್ರಂಟ್ ನಿಜಕ್ಕಿಂತ ನುಣುಪಾಗಿ ಕಾಣುತ್ತೆ. ಫೋನಲ್ಲಿ ನೋಡೋದಂತೂ ಬೇಡ, ಎರಡು ಟ್ಯಾಬ್ ಪಕ್ಕಪಕ್ಕ ಇಡಬೇಕು ಅಂದ್ರೆ ಲ್ಯಾಪ್‌ಟಾಪೇ ಸರಿ. 5ಕ್ಕೆ 4.5. ಜಪಾನ್ ಪಕ್ಕದ ಬೆಚ್ಚನೆ ಪ್ರವಾಹ ಕುರೋಶಿಯೋ ಮೇಲೂ ಇದೇ ಆಟ ನಡಿಯುತ್ತೆ, ಜನವರಿಯಲ್ಲಿ ಒಂದ್ಸಲ ನೋಡಿ.