ಒಂದೇ ಕವರ್, ಮೂರು ಸೈಜು: ಕ್ಯಾಸೆಟ್, ಎಲ್‌ಪಿ, ಸಿಡಿ ಪಕ್ಕಪಕ್ಕ ಇಟ್ಟು ನೋಡಿದೆ

ನನಗೆ 16-17 ವಯಸ್ಸಿದ್ದಾಗ ಆಲ್ಬಂ ಅಂದ್ರೆ ಕ್ಯಾಸೆಟ್. ಆಮೇಲೆ ಸಿಡಿ ಬಂತು. ಎಲ್‌ಪಿ, ಅಂದ್ರೆ ದೊಡ್ಡ ಗ್ರಾಮಫೋನ್ ರೆಕಾರ್ಡ್, ಕೈಗೆ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ. ಹಾಗಾಗಿ ಆ ವಯಸ್ಸಿನಲ್ಲಿ ಹುಚ್ಚು ಹಿಡಿಸಿದ ಕೆಲವು ಆಲ್ಬಂಗಳು ನನ್ನ ಹತ್ತಿರ ಎರಡು ಮೂರು ರೂಪದಲ್ಲಿ ಉಳಿದುಕೊಂಡಿವೆ. ಕಳೆದ ವಾರ ಅವನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತೆ. ಹಾಡು ಹಾಕಲಿಲ್ಲ, ಬರೀ ಕವರ್ ನೋಡಿದೆ.

ಎಲ್‌ಪಿ ಕವರ್ ಒಂದು ಬದಿಗೆ ಹತ್ತಿರಹತ್ತಿರ 31 ಸೆಂ.ಮೀ. ಸಿಡಿಯದು 12. ಕ್ಯಾಸೆಟ್ಟಿನ ಕಾಗದ ಉದ್ದುದ್ದ ಇರುತ್ತೆ, ಚೌಕದ ಚಿತ್ರ ಅದರಲ್ಲಿ ಆರೂವರೆ ಸೆಂ.ಮೀ.ಗೆ ಕುಗ್ಗುತ್ತೆ. ಅಂದ್ರೆ ಅದೇ ಚಿತ್ರಕ್ಕೆ ಎಲ್‌ಪಿಯಲ್ಲಿ 20 ಪಟ್ಟಿಗಿಂತ ಜಾಸ್ತಿ ಜಾಗ. ಗೆಲ್ಲೋದು ಎಲ್‌ಪಿಯೇ ಅಂತ ಮೊದಲೇ ತೀರ್ಮಾನ ಮಾಡಿಕೊಂಡೇ ಕೂತಿದ್ದೆ.

ಬೀಟಲ್ಸ್‌ನವರ ‘ಸಾರ್ಜೆಂಟ್ ಪೆಪ್ಪರ್ಸ್’ (1967) ವಿಷಯದಲ್ಲಿ ಅದು ನಿಜವೇ ಆಯಿತು. ಪೀಟರ್ ಬ್ಲೇಕ್ ಮತ್ತು ಜ್ಯಾನ್ ಹಾವರ್ತ್ ಆಳೆತ್ತರದ ರಟ್ಟಿನ ಚಿತ್ರಗಳನ್ನು ಸಾಲುಸಾಲಾಗಿ ನಿಲ್ಲಿಸಿ ಮಾಡಿದ ಕವರ್ ಅದು. 50ಕ್ಕೂ ಹೆಚ್ಚು ಮುಖಗಳಿವೆ. ಕ್ಯಾಸೆಟ್ಟಿನಲ್ಲಿ ನನಗೆ ಕಾಣುತ್ತಿದ್ದುದು ಮುಂದೆ ನಿಂತ ನಾಲ್ಕು ಜನರ ಬಣ್ಣದ ಬಟ್ಟೆ, ಅವರ ಹಿಂದೆ ಒಂದಿಷ್ಟು ಚುಕ್ಕಿಗಳು, ಅಷ್ಟೇ. ಎಲ್‌ಪಿ ತಂದ ದಿನ ಮೇಲಿನ ಸಾಲಿನ ಎಡತುದಿಯಲ್ಲಿ ಯೋಗಗುರು ಶ್ರೀ ಯುಕ್ತೇಶ್ವರ ಗಿರಿಯವರ ಮುಖ ಸಿಕ್ಕಿತು. ಗಡ್ಡ, ಆ ನೇರ ನೋಟ, ಎಲ್ಲ ಸ್ಪಷ್ಟ. ಆಮೇಲೆ ಬಲಗಡೆ ಹುಡುಕುತ್ತಾ ಹೋದರೆ ಅವರ ಶಿಷ್ಯ ಪರಮಹಂಸ ಯೋಗಾನಂದರೂ ಇದ್ದಾರೆ. ಇಷ್ಟು ವರ್ಷ ಜೇಬಿನಲ್ಲಿಟ್ಟುಕೊಂಡು ತಿರುಗಿದ ಕವರಿನೊಳಗೆ ಇವರಿದ್ದಾರೆ ಅಂತಲೇ ನನಗೆ ಗೊತ್ತಿರಲಿಲ್ಲ! ಗಾಂಧೀಜಿಯ ಚಿತ್ರವನ್ನೂ ಮೊದಲು ಇಟ್ಟು ಆಮೇಲೆ ತೆಗೆದರಂತೆ, ರೆಕಾರ್ಡ್ ಕಂಪನಿ ಬೇಡ ಅಂದಿದ್ದಕ್ಕೆ. ಈ ಆಲ್ಬಂ ಇಷ್ಟವಿದ್ದವರು ಎಲ್‌ಪಿ ಕವರನ್ನು ಒಂದು ಸಲವಾದರೂ ಕೈಯಲ್ಲಿ ಹಿಡಿದು ನೋಡಬೇಕು. ಸಿಡಿಯಲ್ಲಿ ಭೂತಗನ್ನಡಿ ಹಿಡಿದರೂ ಆ ಸುಖ ಇಲ್ಲ.

ಅವರದೇ ‘ಅಬ್ಬೀ ರೋಡ್’ (1969) ಮಾತ್ರ ಬೇರೆ ಕಥೆ. ಇಯಾನ್ ಮ್ಯಾಕ್‌ಮಿಲನ್ ರಸ್ತೆ ನಡುವೆ ಏಣಿ ಹತ್ತಿ ನಿಂತು ಆರೇ ಆರು ಫೋಟೋ ತೆಗೆದರು, ಅದರಲ್ಲೊಂದು ಕವರ್ ಆಯಿತು. ಮುಂದೆ ಬ್ಯಾಂಡಿನ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ. ಬಿಳಿ ಪಟ್ಟೆ ಮೇಲೆ ನಾಲ್ಕು ಜನ ನಡೀತಾ ಇದ್ದಾರೆ. ಕ್ಯಾಸೆಟ್ಟಿನಲ್ಲೂ ಥಟ್ ಅಂತ ಗುರುತು ಹತ್ತುತ್ತೆ. ಆದರೆ ಪಾಲ್ ಮೆಕಾರ್ಟ್ನಿ ಬರಿಗಾಲಿನಲ್ಲಿದ್ದಾರೆ, ಅವರ ಹೆಜ್ಜೆ ಮಾತ್ರ ಉಳಿದವರ ಹೆಜ್ಜೆಗೆ ಹೊಂದುತ್ತಿಲ್ಲ ಅನ್ನೋದನ್ನು ನಾನು ಕಂಡಿದ್ದು ಸಿಡಿಯಲ್ಲಿ. ಇದಕ್ಕೆ ಸಿಡಿ ಸಾಕು.

ಪಿಂಕ್ ಫ್ಲಾಯ್ಡ್‌ನವರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ (1973), ಆ ಪಟ್ಟಕದ ಕವರ್ ಯಾರಿಗೆ ಗೊತ್ತಿಲ್ಲ? ಕಪ್ಪು ಹಿನ್ನೆಲೆ, ಒಂದು ಬಿಳಿ ಗೆರೆ ಒಳಗೆ, ಬಣ್ಣಗಳು ಹೊರಗೆ. ಆರೇ ಬಣ್ಣ, ಎಣಿಸಿ ನೋಡಿ, ನಮ್ಮ ಪಾಠದ ಏಳು ಅಲ್ಲ. ಯಾವ ಸೈಜಿನಲ್ಲಿಟ್ಟರೂ ಇದು ಕೆಡೋದಿಲ್ಲ. ಆದ್ರೂ ಎಲ್‌ಪಿ ಬಿಡಿಸಿದಾಗ ಒಳಗೊಂದು ಸಂಗತಿ ಇದೆ. ಮುಂದಿನ ಬಣ್ಣದ ಪಟ್ಟಿ ಮಡಿಕೆಯೊಳಗೆ ಮುಂದುವರಿಯುತ್ತೆ, ನಡುವೆ ಎದೆಬಡಿತದ ಗೆರೆಯಾಗಿ ಏರಿಳಿದು, ಹಿಂಬದಿಯ ಇನ್ನೊಂದು ಪಟ್ಟಕಕ್ಕೆ ಹೋಗಿ ಸೇರುತ್ತೆ. ಬೆರಳಿಟ್ಟುಕೊಂಡು ಆ ಗೆರೆ ಹಿಡಿದು ಪೂರ್ತಿ ಒಂದು ಸುತ್ತು ಬಂದೆ. ನನ್ನ ಕ್ಯಾಸೆಟ್ಟಿನಲ್ಲಿ ಆ ಗೆರೆ ಇಲ್ಲವೇ ಇಲ್ಲ.

‘ಲೆಡ್ ಜೆಪ್ಲಿನ್ III’ (1970) ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಕವರಿನೊಳಗೆ ರಟ್ಟಿನ ಚಕ್ರ ಇದೆ, ತಿರುಗಿಸಿದರೆ ಕಿಂಡಿಗಳಲ್ಲಿ ಚಿತ್ರ ಬದಲಾಗುತ್ತೆ. ನನ್ನ ಸಿಡಿಯಲ್ಲಿರುವುದು ಆ ಕವರಿನ ಫೋಟೋ, ಚಕ್ರ ಇಲ್ಲ. ಸುಮ್ನೆ ತಗೊಂಡೆ ಅನ್ನಿಸಿತು.

ಕೊನೆಗೆ ಜಾಯ್ ಡಿವಿಷನ್‌ನವರ ‘ಅನ್‌ನೋನ್ ಪ್ಲೆಷರ್ಸ್’ (1979). ನನ್ನ ಲೆಕ್ಕವೆಲ್ಲ ತಲೆಕೆಳಗಾಗಿದ್ದು ಇಲ್ಲಿ. 1967ರಲ್ಲಿ ಮೊಟ್ಟಮೊದಲು ಪತ್ತೆಯಾದ ಪಲ್ಸಾರ್, ಅಂದರೆ ಮಿಡಿಯುವ ನಕ್ಷತ್ರ, ಅದರ 80 ಮಿಡಿತಗಳನ್ನು ಒಂದರ ಕೆಳಗೊಂದು ಗೆರೆಯಾಗಿ ಜೋಡಿಸಿದ ಚಿತ್ರ ಅದು. ಮೂಲದಲ್ಲಿ ಬಿಳಿ ಮೇಲೆ ಕಪ್ಪು ಗೆರೆ ಇತ್ತು, ಕವರ್ ವಿನ್ಯಾಸ ಮಾಡಿದ ಪೀಟರ್ ಸ್ಯಾವಿಲ್ ಅದನ್ನು ಕಪ್ಪು ಮೇಲೆ ಬಿಳಿ ಮಾಡಿದರು. ಎಲ್‌ಪಿಯಲ್ಲಿ ಸುತ್ತಲೂ ಅಗಾಧ ಕಪ್ಪು, ನಡುವೆ ಗೆರೆಗಳ ಒಂದು ಗುಡ್ಡ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಕ್ಯಾಸೆಟ್ಟನ್ನು ಕಣ್ಣಿನ ಹತ್ತಿರ ತಂದು ನೋಡಿದೆ. ಗೆರೆಗಳು ಒಂದಕ್ಕೊಂದು ಎಷ್ಟು ಒತ್ತಿಕೊಂಡಿವೆ ಅಂದ್ರೆ, ಡಬ್ಬಿಯನ್ನು ಸ್ವಲ್ಪ ವಾಲಿಸಿದರೆ ಅವು ಅಲುಗಾಡಿದ ಹಾಗೆ ಕಾಣುತ್ತೆ. ಪ್ಲಾಸ್ಟಿಕ್ ಮೇಲೆ ಬಿದ್ದ ಹಳೇ ಗೀರುಗಳೂ ಅದರಲ್ಲೇ ಸೇರಿಹೋಗಿವೆ, ಯಾವುದು ಗೀರು, ಯಾವುದು ಮಿಡಿತ ಅಂತ ಬೇಗ ಹೇಳೋಕಾಗಲ್ಲ. ಅಂಗೈಯಷ್ಟು ಜಾಗದಲ್ಲಿ ಒಂದು ನಕ್ಷತ್ರ.

ಎಲ್‌ಪಿಗಳನ್ನು ಮತ್ತೆ ಕಪಾಟಿನಲ್ಲಿಟ್ಟೆ. ಆ ಕ್ಯಾಸೆಟ್ ಇನ್ನೂ ಮೇಜಿನ ಮೇಲೇ ಇದೆ.