ಟೊಮೆಟೊ ಅಂಗಮಾರಿಗೆ ನಾಲ್ಕು ಮದ್ದು: ಬೋರ್ಡೋ, ಫಾಸ್ಫೋನೇಟ್, ಸ್ಯೂಡೊಮೊನಾಸ್, ಸ್ಯಾಲಿಸಿಲಿಕ್ ಆಮ್ಲ

ಈ ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ‘ಯಾವುದು ಒಳ್ಳೆಯದು’ ಎಂದು ಕೇಳುವುದೇ ತಪ್ಪು. ಬೋರ್ಡೋ ದ್ರಾವಣ ಎಲೆಯ ಮೇಲೆ ಕಾವಲು ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ. ಉಳಿದ ಮೂರು ಗಿಡದ ಸ್ವಂತ ರಕ್ಷಣೆಯನ್ನು ಎಬ್ಬಿಸುವಂಥವು. ಆದರೆ ಎಬ್ಬಿಸುವ ದಾರಿ ಮೂರಕ್ಕೂ ಬೇರೆ, ಅದಕ್ಕೆ ಹಿಡಿಯುವ ಸಮಯವೂ ಬೇರೆ. ಹಾಗಾಗಿ ಯಾವ ರೋಗಾಣು, ಗಿಡ ಯಾವ ಹಂತದಲ್ಲಿದೆ, ಮಳೆಗೆ ಇನ್ನೆಷ್ಟು ದಿನ ಇದೆ ಎಂಬುದರ ಮೇಲೆ ಆಯ್ಕೆ ಬದಲಾಗುತ್ತದೆ.

ಹೋಲಿಸಿದ ರೀತಿ ಹೀಗೆ: ಒಂದೇ ತಳಿಯ ಸಸಿಗಳನ್ನು ಒಂದೇ ದಿನ ಐದು ಮಡಿಗಳಲ್ಲಿ ನಾಟಿ ಮಾಡಿ, ನಾಲ್ಕಕ್ಕೆ ಒಂದೊಂದು ಉಪಚಾರ ಕೊಟ್ಟು, ಐದನೆಯದಕ್ಕೆ ಬರೀ ನೀರು ಸಿಂಪಡಿಸುವುದು. ಪ್ರತಿ ಮಡಿಯ ಅಂಚಿನ ಎರಡು ಸಾಲನ್ನು ಲೆಕ್ಕಕ್ಕೆ ಹಿಡಿಯಬಾರದು. ಗಾಳಿಗೆ ತುಂತುರು ಪಕ್ಕದ ಮಡಿಗೆ ಹಾರುತ್ತದೆ, ಆಮೇಲೆ ಯಾವುದು ಯಾವುದರ ಫಲ ಎಂದು ಹೇಳಲಾಗದು.

ಇಲ್ಲಿ ಎದುರಾಳಿ ಕೊನೆಯ ಅಂಗಮಾರಿ, ಅಂದರೆ ಫೈಟೊಫ್ತೋರಾ ಇನ್‌ಫೆಸ್ಟನ್ಸ್. ಶಿಲೀಂಧ್ರದಂತೆ ಕಂಡರೂ ಅದು ಊಮೈಸೀಟ್ ಎಂಬ ಬೇರೆಯೇ ಗುಂಪಿನದು. ತಂಪು ಹವೆಯಲ್ಲಿ ಎಲೆ ಒದ್ದೆಯಾಗಿ ಗಂಟೆಗಟ್ಟಲೆ ಉಳಿದರೆ ಸಾಕು. ಸೋಂಕು ತಗುಲಿದ ಕೆಲವೇ ದಿನಗಳಲ್ಲಿ ನೀರಿನಲ್ಲಿ ನೆನೆದಂಥ ಹಸಿರುಗಪ್ಪು ಮಚ್ಚೆ, ಬೆಳಿಗ್ಗೆ ಎಲೆ ಮಗುಚಿದರೆ ಮಚ್ಚೆಯ ಅಂಚಿನಲ್ಲಿ ಬಿಳಿ ಬೂಸು. ಬರೀ ನೀರಿನ ಮಡಿಯಲ್ಲಿ ಮೊದಲು ಹುಡುಕಬೇಕಾದ ಗುರುತು ಇದೇ.

ಬೋರ್ಡೋ ನಾಲ್ಕರಲ್ಲಿ ಹಳೆಯದು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಇದನ್ನು ದ್ರಾಕ್ಷಿಯ ಬೂಜುರೋಗಕ್ಕೆ ಪ್ರಕಟಿಸಿದರು. ಶೇ. 1ರ ದ್ರಾವಣ 10 ಲೀಟರ್ ಬೇಕಾದರೆ 100 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 100 ಗ್ರಾಂ ಸುಡುಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಐದೈದು ಲೀಟರ್ ನೀರಿಗೆ ಕರಗಿಸಿ, ಸುಣ್ಣದ ನೀರನ್ನು ಬಟ್ಟೆಯಲ್ಲಿ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಉಲ್ಟಾ ಮಾಡಿದರೆ ಗಸಿ ದಪ್ಪಗೆ ಕಟ್ಟಿ ಬೇಗ ತಳಕ್ಕಿಳಿಯುತ್ತದೆ, ಎಲೆಗೂ ಸರಿಯಾಗಿ ಅಂಟುವುದಿಲ್ಲ. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಪೊರೆ ಕೂತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದು ಅರ್ಥ. ಪೊರೆ ಕೂರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸುತ್ತಾ ಹೋಗಬೇಕು. ಎಳೆ ಸಸಿಗೆ ಅರ್ಧ ಪ್ರಮಾಣ ಸಾಕು. ಮಾಡಿದ ದಿನವೇ ಮುಗಿಸಿ; ಮರುದಿನಕ್ಕೆ ಇಟ್ಟದ್ದು ಬರೀ ನೀಲಿ ನೀರು.

ಮಳೆಗೆ ಮುಂಚೆ ಹೊಡೆದು ಎಲೆಯ ಮೇಲೆ ಒಣಗಿದ ಬೋರ್ಡೋಗೆ ಸರಿಸಾಟಿ ಉಳಿದ ಮೂರರಲ್ಲಿ ಯಾವುದೂ ಅಲ್ಲ. ಕೊರತೆಯೂ ಅಷ್ಟೇ ಸ್ಪಷ್ಟ. ಎಲೆಯ ತಳಭಾಗ ತಪ್ಪಿದರೆ ಅಲ್ಲಿಂದಲೇ ರೋಗ ಶುರು. ಸಿಂಪಡಿಸಿದ ಮೇಲೆ ಬಂದ ಚಿಗುರಿಗೆ ರಕ್ಷಣೆಯೇ ಇಲ್ಲ. ಒಳಹೊಕ್ಕ ಸೋಂಕನ್ನು ಇದು ಮುಟ್ಟುವುದಿಲ್ಲ. ವರ್ಷಗಟ್ಟಲೆ ಹೊಡೆದ ತಾಮ್ರ ಮಣ್ಣಿನಲ್ಲೇ ಕೂಡುತ್ತಾ ಹೋಗುತ್ತದೆ, ಕೊಳೆತು ಕರಗುವ ವಸ್ತುವಲ್ಲ.

ಪೊಟ್ಯಾಶಿಯಂ ಫಾಸ್ಫೋನೇಟಿನ ನಡತೆ ಪೂರಾ ಬೇರೆ. ಎಲೆಗೆ ಹೊಡೆದದ್ದು ಬೇರಿಗೂ ಇಳಿಯುತ್ತದೆ, ಚಿಗುರಿಗೂ ಏರುತ್ತದೆ. ರೋಗಾಣುವಿನ ಬೆಳವಣಿಗೆಯನ್ನು ನೇರವಾಗಿ ತಡೆಯುವುದರ ಜೊತೆಗೆ, ಸೋಂಕು ತಗುಲಿದಾಗ ಗಿಡ ಬೇಗ ಎಚ್ಚರಾಗುವಂತೆ ಮಾಡುತ್ತದೆ. ಇದು ಮಚ್ಚೆಯಲ್ಲೇ ಕಾಣುತ್ತದೆ. ನೀರಿನ ಮಡಿಯಲ್ಲಿ ಮಚ್ಚೆ ಎಲೆಯುದ್ದ ಹರಡಿ ಬೂಸು ಕಟ್ಟಿದ್ದರೆ, ಇಲ್ಲಿ ಗುಂಡುಸೂಜಿ ತಲೆಯಷ್ಟು ಕಂದು ಚುಕ್ಕೆ, ಒಣ ಅಂಚು, ಮಗುಚಿ ನೋಡಿದರೆ ಬೂಸು ಅತ್ಯಲ್ಪ. ರೋಗಾಣು ಹೊಕ್ಕ ಕಡೆ ಸುತ್ತಲಿನ ಜೀವಕೋಶಗಳು ತಾವೇ ಸತ್ತು ದಾರಿ ಮುಚ್ಚಿದ ಗುರುತು ಅದು.

ಮನೆಯಲ್ಲೇ ಮಾಡುವುದಾದರೆ 10 ಲೀಟರಿಗೆ 30 ಗ್ರಾಂ ಫಾಸ್ಫರಸ್ ಆಮ್ಲ, 30 ಗ್ರಾಂ ಪೊಟ್ಯಾಶಿಯಂ ಹೈಡ್ರಾಕ್ಸೈಡ್. ಮೊದಲು ಆಮ್ಲ ಕರಗಲಿ, ಆಮೇಲೆ ಕ್ಷಾರವನ್ನು ಚೂರುಚೂರೇ ಹಾಕಿ. ನೀರು ಬಿಸಿಯಾಗುತ್ತದೆ, ಕೈಗವಸು ಮತ್ತು ಕನ್ನಡಕ ಕಡ್ಡಾಯ. ಪಿಎಚ್ (ಹುಳಿ-ಕ್ಷಾರದ ಅಳತೆ) 6ರಿಂದ 6.5ರೊಳಗೆ ಬಂತೇ ಎಂದು ಪಿಎಚ್ ಕಾಗದದ ಪಟ್ಟಿಯಿಂದ ನೋಡಲೇಬೇಕು, ಕಡಿಮೆಯಾದರೆ ಎಲೆ ಸುಡುತ್ತದೆ. ಹೆಸರು ಕೇಳಿ ಫಾಸ್ಫಾರಿಕ್ ಆಮ್ಲ ತಂದವರು ಮಾಡಿದ್ದು ಬರೀ ಗೊಬ್ಬರ, ರೋಗಕ್ಕೆ ಅದರಿಂದ ಏನೂ ಆಗದು. ಹಾಗೆಯೇ ಫಾಸ್ಫೋನೇಟನ್ನು ರಂಜಕದ ಗೊಬ್ಬರ ಎಂದು ಹಾಕುವುದೂ ತಪ್ಪು, ಅದರಲ್ಲಿರುವ ರಂಜಕವನ್ನು ಗಿಡ ಬಳಸಲಾರದು. ಬಿಸಿಲಿಗೆ ಬಾಡಿದ ಗಿಡಕ್ಕೆ ಹೊಡೆಯಬೇಡಿ. ಆಲ್ಟರ್ನೇರಿಯಾ ಎಂಬ ಶಿಲೀಂಧ್ರದಿಂದ ಬರುವ ಮುಂಚಿನ ಅಂಗಮಾರಿಗೆ ಇದನ್ನು ನೆಚ್ಚಬೇಡಿ. ಇದರ ಬಲವೆಲ್ಲ ಊಮೈಸೀಟುಗಳ ಮೇಲೆ.

ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಬೇರಿನ ಸುತ್ತ ನೆಲೆಸುವ ದುಂಡಾಣು. ಬೇರಿನಲ್ಲಿ ಅದರ ಇರುವನ್ನು ಗ್ರಹಿಸಿದ ಗಿಡ, ಜಾಸ್ಮೋನಿಕ್ ಆಮ್ಲ ಮತ್ತು ಎಥಿಲೀನ್ ಎಂಬ ತನ್ನದೇ ರಾಸಾಯನಿಕ ಸಂಕೇತಗಳ ಮೂಲಕ ಎಲೆಯವರೆಗೂ ಎಚ್ಚರ ಹರಡುತ್ತದೆ. ಬೀಜಕ್ಕೆ ಕಿಲೋಗೆ 10 ಗ್ರಾಂ, ನಾಟಿಗೆ ಮುಂಚೆ ಲೀಟರಿಗೆ 10 ಗ್ರಾಂ ಬೆರೆಸಿದ ನೀರಿನಲ್ಲಿ ಬೇರನ್ನು 30 ನಿಮಿಷ ಅದ್ದುವುದು: ಇಷ್ಟೇ ಕೆಲಸ. ಸಸಿಮಡಿಯ ಬುಡಕೊಳೆ ತಡೆಯಲು ನಾಲ್ಕರಲ್ಲಿ ನಮ್ಮ ಮೊದಲ ಆಯ್ಕೆ ಇದು. ಆದರೆ ಮೋಡ ಕವಿದು ಅಂಗಮಾರಿ ಹಬ್ಬುತ್ತಿರುವಾಗ ಎಲೆಗೆ ಇದನ್ನೇ ನೆಚ್ಚಿ ಕೂತರೆ ಬೆಳೆ ಕೈಬಿಡುತ್ತದೆ. ಸೋಲು ಬಹುಪಾಲು ಪೊಟ್ಟಣದಲ್ಲೇ ಇರುತ್ತದೆ: ಅವಧಿ ಮುಗಿದದ್ದು, ಬಿಸಿಲಲ್ಲಿ ಇಟ್ಟದ್ದು, ಕ್ಲೋರಿನ್ ಹಾಕಿದ ನೀರಿನಲ್ಲಿ ಕಲಸಿದ್ದು. ಕ್ಲೋರಿನ್ ನೀರನ್ನು ಒಂದು ರಾತ್ರಿ ತೆರೆದಿಟ್ಟು ಬಳಸುವುದು ಒಳಿತು. ತಾಮ್ರದ ಜೊತೆ ಬೆರೆಸಿದರಂತೂ ಅದು ಸತ್ತಿತೆಂದೇ ತಿಳಿಯಿರಿ.

ಸ್ಯಾಲಿಸಿಲಿಕ್ ಆಮ್ಲ, ಗಿಡ ತಾನೇ ಮಾಡಿಕೊಳ್ಳುವ ರಕ್ಷಣೆಯ ಸಂಕೇತ, ವಿಜ್ಞಾನವಾಗಿ ನಾಲ್ಕರಲ್ಲೇ ಸೊಗಸಾದದ್ದು. ಒಂದು ಎಲೆಗೆ ನಂಜು (ವೈರಸ್) ತಗುಲಿದ ತಂಬಾಕಿನ ಗಿಡದಲ್ಲಿ ಉಳಿದ ಎಲೆಗಳೂ ರೋಗಕ್ಕೆ ಗಟ್ಟಿಯಾಗುವುದನ್ನು 1961ರಲ್ಲಿ ವಿಜ್ಞಾನಿ ರಾಸ್ ತೋರಿಸಿದರು. 1979ರಲ್ಲಿ ಇನ್ನೊಬ್ಬ ವಿಜ್ಞಾನಿ ವೈಟ್, ಸ್ಯಾಲಿಸಿಲಿಕ್ ಆಮ್ಲದ್ದೇ ಒಂದು ರೂಪವಾದ ಆಸ್ಪಿರಿನ್ ಚುಚ್ಚಿಯೇ ತಂಬಾಕಿನಲ್ಲಿ ನಂಜಿನ ವಿರುದ್ಧ ನಿರೋಧ ಬರಿಸಿದರು. ಪ್ರಮಾಣ: 10 ಲೀಟರಿಗೆ 1.4 ಗ್ರಾಂ, ಅಂದರೆ ಒಂದು ಮಿಲಿಮೋಲಾರ್. ತಣ್ಣೀರಿನಲ್ಲಿ ಕಷ್ಟಪಟ್ಟು ಕರಗುವುದರಿಂದ ಮೊದಲು 25 ಮಿ.ಲೀ. ಸ್ಪಿರಿಟ್ಟಿನಲ್ಲಿ ಕರಗಿಸಿ ನೀರಿಗೆ ಸೇರಿಸಬೇಕು. ಆಗ ನೀರಿನ ಪಿಎಚ್ 3ರ ಹತ್ತಿರಕ್ಕೆ ಇಳಿಯಬಹುದು. ಕ್ಷಾರದ ಕೆಲವು ಹನಿ ಹಾಕಿ 5ರ ಮೇಲಕ್ಕೆ ತರದಿದ್ದರೆ ಎಲೆಯಂಚು ಸುಡುತ್ತದೆ.

ಹೊಲದಲ್ಲಿ ಮಾತ್ರ ಇದರ ಮೇಲೆ ನಮಗೆ ಭರವಸೆ ಕಡಿಮೆ. ಸಿಂಪಡಿಸಿದ ಮರುದಿನವೇ ರಕ್ಷಣೆ ಸಿಗದು, ಗಿಡ ಸಿದ್ಧವಾಗಲು ಕೆಲವು ದಿನ ಬೇಕು. ಪದೇ ಪದೇ ಹೊಡೆದರೆ ಗಿಡದ ಶಕ್ತಿ ರಕ್ಷಣೆಗೇ ಹೋಗಿ ಬೆಳವಣಿಗೆ ಕುಂಠಿತವಾಗುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದು: ಸ್ಯಾಲಿಸಿಲಿಕ್ ಆಮ್ಲದ ಸಂಕೇತ ಜೋರಾದಾಗ ಜಾಸ್ಮೋನಿಕ್ ಆಮ್ಲದ ಸಂಕೇತ ಕುಗ್ಗಬಲ್ಲದು. ಆಗ ಎಲೆ ತಿನ್ನುವ ಹುಳುಗಳಿಗೆ ಗಿಡ ಸುಲಭದ ತುತ್ತಾಗಬಹುದು. ಕೋಶವನ್ನು ಕೊಂದು ತಿನ್ನುವ ರೋಗಾಣುಗಳ ಎದುರೂ ಅದೇ ಅಪಾಯ.

ನಮ್ಮ ಆಯ್ಕೆ ಹೀಗೆ: ಸಸಿ ಹಂತಕ್ಕೆ ಸ್ಯೂಡೊಮೊನಾಸ್. ಮೋಡ ಕಟ್ಟುವ ಕಾಲಕ್ಕೆ ಫಾಸ್ಫೋನೇಟ್, ಮೂರು ನಾಲ್ಕು ದಿನ ಕಳೆದು ಮಳೆಗೆ ಮುಂಚೆ ಬೋರ್ಡೋ. ಈ ಕ್ರಮ ಅದಲುಬದಲಾಗಬಾರದು. ಎಲೆಯ ಮೇಲೆ ಬೋರ್ಡೋ ಪೊರೆ ಇರುವಾಗ ಫಾಸ್ಫೋನೇಟ್ ಬಿದ್ದರೆ ಅದರ ಹುಳಿಗೆ ತಾಮ್ರ ಬಿಡಿಯಾಗಿ ಕರಗುತ್ತದೆ. ಎಲೆಯಂಚು ಕಪ್ಪಾಗಿ ಮುದುಡುವುದನ್ನು ನೋಡಿ ಅಂಗಮಾರಿಯೇ ಬಂತೆಂದು ಮತ್ತೊಂದು ಸುತ್ತು ಹೊಡೆಯುವವರಿದ್ದಾರೆ. ಎಲೆ ಮಗುಚಿ ನೋಡಿ: ಮಚ್ಚೆಯಂಚಿನಲ್ಲಿ ಬೂಸಿಲ್ಲದೆ, ಹನಿ ನಿಂತ ತುದಿಗಳಷ್ಟೇ ಸುಟ್ಟಿದ್ದರೆ ಅದು ತಾಮ್ರದ ಕೆಲಸ. ಸಂದೇಹವಿದ್ದರೆ ಒಂದು ಎಲೆಯನ್ನು ಒದ್ದೆ ಕಾಗದದ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ರಾತ್ರಿ ಕಳೆಯಲಿ. ಅಂಗಮಾರಿಯಾದರೆ ಬೆಳಗಾಗುವಷ್ಟರಲ್ಲಿ ಬೂಸು ಮೂಡಿರುತ್ತದೆ.